ಎರಡು-ಫೋಟಾನ್ ಸೂಕ್ಷ್ಮದರ್ಶಕ: ಆಳದ ಚಿತ್ರ ಮಂಕಾದಾಗ ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಎರಡು-ಫೋಟಾನ್ ಸೂಕ್ಷ್ಮದರ್ಶಕ ಅವಗೆಂಪು ಲೇಸರ್‌ನ ಕಿರು ಪಲ್ಸ್‌ಗಳಿಂದ ಜೀವಂತ ಮೆದುಳಿನ ಆಳದ ಕೋಶಗಳನ್ನು ಹೊಳೆಯಿಸಿ ಚಿತ್ರ ತೆಗೆಯುತ್ತದೆ. ಅದರ ಬಗ್ಗೆ ಬರುವ ದೂರು ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ: ಹೋದ ವಾರ 500 ಮೈಕ್ರಾನ್ ಆಳದ ನರಕೋಶಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಈಗ 250 ಮೈಕ್ರಾನ್ ದಾಟಿದರೆ ಬರೀ ಮಂಜು. ಇಂಥ ಹೊತ್ತಿನಲ್ಲಿ ಕೈ ತಾನಾಗಿಯೇ ಲೇಸರ್ ಶಕ್ತಿ ಏರಿಸುವ ಸ್ಲೈಡರ್‌ಗೆ ಹೋಗುತ್ತದೆ. ಅದರಿಂದ ಆಗದಿದ್ದರೆ ಕನ್ನಡಿಗಳ ತಿರುಪಿಗೆ. ಮೊದಲನೆಯದರಿಂದ ಪ್ರಾಣಿಯ ಮೆದುಳು ಬಿಸಿಯಾಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಏಕೆಂದರೆ ಒಂದು ದೋಷ ಇದ್ದ ಕಡೆ ಎರಡಾಗುತ್ತವೆ. ಬೆಳಕು ಒಳಗೆ ಹೋಗುವ ದಾರಿ, ಅಂಗಾಂಶ, ಬೆಳಕು ಹೊರಬಂದು ಡಿಟೆಕ್ಟರ್ ಸೇರುವ ದಾರಿ, ಈ ಮೂರರಲ್ಲಿ ತೊಂದರೆ ಯಾವುದರಲ್ಲಿದೆ ಎಂದು ಖಚಿತವಾಗುವ ತನಕ ಯಾವ ತಿರುಪನ್ನೂ ಮುಟ್ಟಬೇಡಿ.

ಇಲ್ಲಿ ಕೊಟ್ಟಿರುವ ಅಂಕಿಗಳು ಅತಿ ಸಾಮಾನ್ಯವಾದ ಒಂದು ಜೋಡಣೆಗೆ ಸೇರಿದವು: ಸುಮಾರು 80 ಮೆಗಾಹರ್ಟ್ಸ್‌ನ, 100ರಿಂದ 140 ಫೆಮ್ಟೊಸೆಕೆಂಡ್ ಪಲ್ಸ್ ಕೊಡುವ ಟೈಟೇನಿಯಂ-ಸಫೈರ್ ಲೇಸರ್, ಶಕ್ತಿ ನಿಯಂತ್ರಣಕ್ಕೆ ಪಾಕೆಲ್ಸ್ ಸೆಲ್ (ವೋಲ್ಟೇಜ್ ಕೊಟ್ಟು ಕಿರಣದ ಶಕ್ತಿ ಏರಿಸಿ ಇಳಿಸುವ ಹರಳು), 8 ಕಿಲೊಹರ್ಟ್ಸ್ ರೆಸೊನೆಂಟ್ ಸ್ಕ್ಯಾನರ್ (ಕಿರಣವನ್ನು ಮಾದರಿಯ ಮೇಲೆ ಗೆರೆಗೆರೆಯಾಗಿ ಓಡಿಸುವ ಕನ್ನಡಿ), ನೀರಿನಲ್ಲಿ ಅದ್ದುವ ಆಬ್ಜೆಕ್ಟಿವ್ (ಮಾದರಿಯ ಎದುರಿನ ಮಸೂರ), ಗ್ಯಾಲಿಯಂ ಆರ್ಸೆನೈಡ್ ಫಾಸ್ಫೈಡ್ ಪಿಎಂಟಿ (ಬಂದ ಫೋಟಾನ್‌ಗಳನ್ನು ವಿದ್ಯುತ್ ಸಿಗ್ನಲ್ ಆಗಿಸುವ ಡಿಟೆಕ್ಟರ್). ಮಾದರಿ ಎಂದರೆ ತಲೆಬುರುಡೆಗೆ ಗಾಜಿನ ಕಿಟಕಿ ಕೂರಿಸಿದ ಇಲಿ. ಮೆದುಳಿನ ತೊಗಟೆಯಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್, ಜಿಕ್ಯಾಂಪ್ ಅಥವಾ ಜಿಎಫ್‌ಪಿ. ತರಂಗದೂರ 920 ನ್ಯಾನೊಮೀಟರ್.

ಶುರು ಮಾಡುವ ಮೊದಲು ಎರಡು ಮಾತು. ಇದು ನಾಲ್ಕನೇ ದರ್ಜೆಯ ಲೇಸರ್, ಅದರ ಕಿರಣ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದಿಲ್ಲ; ಕಾಣದಿರುವುದೇ ಅಪಾಯ. ಉಂಗುರ, ಗಡಿಯಾರ ಬಿಚ್ಚಿಡಿ, ಆ ತರಂಗದೂರಕ್ಕೆ ತಕ್ಕ ಕನ್ನಡಕ ಹಾಕಿ, ಕಿರಣದ ಮಟ್ಟಕ್ಕೆ ತಲೆ ಬಗ್ಗಿಸಬೇಡಿ. ಎರಡನೆಯದು ಪಿಎಂಟಿಯ ವಿಚಾರ: ಅದರ ವೋಲ್ಟೇಜ್ ಇಳಿಸದೆ ಕೋಣೆಯ ದೀಪ ಹಾಕಬೇಡಿ.

ಮೊದಲ ಕವಲು: ಯಂತ್ರವೋ, ಪ್ರಾಣಿಯೋ

ಪ್ರಾಣಿಯನ್ನು ಪಕ್ಕಕ್ಕಿಡಿ. ಫ್ಲೋರೆಸೀನ್ (ಹಸಿರಾಗಿ ಹೊಳೆಯುವ ಬಣ್ಣ) ದ್ರಾವಣ ತೆಗೆದುಕೊಳ್ಳಿ, ಸುಮಾರು 10 ಮೈಕ್ರೊಮೋಲಾರ್, ಪಿಎಚ್ 9ರ ಬಫರ್‌ನಲ್ಲಿ. ಸ್ಲೈಡ್ ಮೇಲೆ ಹಾಕಿ ಕವರ್‌ಸ್ಲಿಪ್ ಇಟ್ಟು ಅಂಚಿಗೆ ನೇಲ್ ಪಾಲಿಶ್ ಬಳಿದು ಮುಚ್ಚಿ. ಪಿಎಚ್ 7ಕ್ಕಿಂತ ಕೆಳಗಿಳಿದರೆ ಫ್ಲೋರೆಸೀನ್ ತಾನೇ ಮಂಕಾಗುತ್ತದೆ, ಹಾಗಾಗಿ ಬರೀ ನೀರಿನಲ್ಲಿ ಕಲಸಬೇಡಿ. ದ್ರವವಾದ್ದರಿಂದ ಬ್ಲೀಚ್ ಆದ (ಬೆಳಕು ಬಿದ್ದು ಹೊಳಪು ಕಳೆದುಕೊಂಡ) ಅಣುಗಳ ಜಾಗಕ್ಕೆ ಹೊಸವು ಬರುತ್ತವೆ. ಪ್ಲಾಸ್ಟಿಕ್ ಸ್ಲೈಡ್‌ಗಳಿಗಿಂತ ಇದು ನಂಬಲರ್ಹ.

ಆಬ್ಜೆಕ್ಟಿವ್‌ನ ಕೆಳಗೆ 10 ಮಿಲಿವಾಟ್, ನಿಗದಿತ ಪಿಎಂಟಿ ವೋಲ್ಟೇಜ್, ನಿಗದಿತ ಜೂಮ್, ಕವರ್‌ಸ್ಲಿಪ್‌ನಿಂದ 50 ಮೈಕ್ರಾನ್ ಕೆಳಗೆ ಫೋಕಸ್. ಚಿತ್ರದ ನಡುಭಾಗದ ಸರಾಸರಿ ಅಂಕಿಯನ್ನು ಬರೆದುಕೊಳ್ಳಿ. ಯಂತ್ರ ಚೆನ್ನಾಗಿದ್ದ ದಿನ ಇದೇ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಅರ್ಧ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಬರೆದಿಟ್ಟಿಲ್ಲದಿದ್ದರೆ ಇವತ್ತೇ ಶುರು ಮಾಡಿ. ಲಕ್ಷಗಟ್ಟಲೆ ಬೆಲೆಯ ಉಪಕರಣದ ಪಕ್ಕದಲ್ಲಿ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇಲ್ಲದ ಲ್ಯಾಬ್‌ಗಳೇ ಹೆಚ್ಚು.

ಇಲ್ಲಿ ಒಂದು ಎಚ್ಚರ. 10 ಮಿಲಿವಾಟ್ ಎಂದರೆ ತಂತ್ರಾಂಶ ತೋರಿಸುವ ಶೇಕಡಾ ಅಲ್ಲ, ಪವರ್ ಮೀಟರ್ ಆಬ್ಜೆಕ್ಟಿವ್‌ನ ಕೆಳಗೆ ಅಳೆದದ್ದು. ಎನ್‌ಎ (ಮಸೂರದ ಬೆಳಕಿನ ಶಂಕು ಎಷ್ಟು ಅಗಲ ಎಂಬ ಅಳತೆ) 1 ಮೀರಿದ ಆಬ್ಜೆಕ್ಟಿವ್ ಆದರೆ ಸೆನ್ಸರ್‌ನ ಗಾಜಿಗೂ ಮಸೂರಕ್ಕೂ ನಡುವೆ ನೀರಿನ ಹನಿ ಇರಲೇಬೇಕು. ಇಲ್ಲದಿದ್ದರೆ ಅಂಚಿನ ಕಿರಣಗಳು ಗಾಜಿನಿಂದ ಹೊರಗೇ ಬರುವುದಿಲ್ಲ, ಮೀಟರ್ ಕಡಿಮೆ ತೋರಿಸುತ್ತದೆ, ನೀವು ಇಲ್ಲದ ನಷ್ಟವನ್ನು ಹುಡುಕುತ್ತಾ ಕೂರುತ್ತೀರಿ.

ಫ್ಲೋರೆಸೀನ್ ಅಂಕಿ ಹಳೆಯದಕ್ಕೆ ಹತ್ತಿರವಿದ್ದರೆ, ಅಂದರೆ ಶೇ. 20ರೊಳಗೆ, ಯಂತ್ರಕ್ಕೆ ಕೈ ಹಚ್ಚಬೇಡಿ. ನೇರವಾಗಿ ಅಂಗಾಂಶದ ಭಾಗಕ್ಕೆ ಹೋಗಿ. ಅರ್ಧಕ್ಕಿಂತ ಕಡಿಮೆ ಬಂದರೆ ಮುಂದೆ ಓದಿ.

ವರ್ಗ ನಿಯಮದ ಪರೀಕ್ಷೆ

ಎರಡು ಫೋಟಾನ್‌ಗಳನ್ನು ಒಟ್ಟಿಗೆ ಹೀರುವ ಸಾಧ್ಯತೆ ಬೆಳಕಿನ ತೀವ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. 1931ರಲ್ಲಿ ಭೌತವಿಜ್ಞಾನಿ ಮರಿಯಾ ಗೋಪರ್ಟ್-ಮೇಯರ್ ಕಾಗದದ ಮೇಲೆ ತೋರಿಸಿದ ಈ ನಿಯಮವೇ ದೋಷ ಹುಡುಕುವವರ ಕೈಯಲ್ಲಿರುವ ಅತ್ಯಂತ ಚೂಪಾದ ಸಾಧನ.

ಮೊದಲು ಷಟರ್ ಮುಚ್ಚಿ ಕತ್ತಲೆಯ ಸರಾಸರಿ ಅಂಕಿ ತೆಗೆದುಕೊಳ್ಳಿ. ನಂತರ 5, 10, 20 ಮಿಲಿವಾಟ್‌ಗಳಲ್ಲಿ ಫ್ಲೋರೆಸೀನ್ ಚಿತ್ರ ತೆಗೆದು, ಮೂರರಿಂದಲೂ ಕತ್ತಲೆಯ ಅಂಕಿ ಕಳೆಯಿರಿ. ಕಳೆಯಲು ಮರೆತರೆ ಪರೀಕ್ಷೆಯೇ ದಿಕ್ಕು ತಪ್ಪಿಸುತ್ತದೆ.

ಅನುಪಾತ 1, 4, 16 ಬಂದರೆ ನೀವು ಕಾಣುತ್ತಿರುವುದು ನಿಜವಾದ ಎರಡು-ಫೋಟಾನ್ ಸಿಗ್ನಲ್. ಅದು ಕಡಿಮೆಯಿದೆ ಅಷ್ಟೇ. ಪಲ್ಸ್ ಅಗಲವಾಗಿರಬಹುದು ಅಥವಾ ಡಿಟೆಕ್ಟರ್ ದಾರಿಯಲ್ಲಿ ಬೆಳಕು ಸೋರುತ್ತಿರಬಹುದು. 1, 2, 4 ಬಂದರೆ ಲೇಸರ್‌ನ ಬೆಳಕೇ ಫಿಲ್ಟರ್ ದಾಟಿ ಪಿಎಂಟಿಗೆ ಬೀಳುತ್ತಿದೆ. ಅವಗೆಂಪು ತಡೆಯುವ ಫಿಲ್ಟರನ್ನು ಯಾರೋ ತೆಗೆದು ಹಾಕದೆ ಬಿಟ್ಟಿರುವುದು ಇದಕ್ಕೆ ಮೊದಲ ಕಾರಣ. ಲೇಸರನ್ನು 750 ನ್ಯಾನೊಮೀಟರ್‌ಗಿಂತ ಕೆಳಗೆ ಇಳಿಸಿ ಡೈಕ್ರೋಯಿಕ್‌ನ (ಬಣ್ಣಕ್ಕೆ ತಕ್ಕಂತೆ ಬೆಳಕನ್ನು ಬೇರ್ಪಡಿಸುವ ಕನ್ನಡಿಯ) ಅಂಚಿಗೆ ತಂದಿರುವುದು ಎರಡನೆಯದು. ಕಳೆಯುವ ಮೊದಲಿನ ಮೂರೂ ಅಂಕಿ ಹೆಚ್ಚುಕಡಿಮೆ ಒಂದೇ ಆದರೆ ಕೋಣೆಯ ಬೆಳಕು. ಮೊದಲ ಹೆಜ್ಜೆಯಲ್ಲಿ ನಾಲ್ಕು ಪಟ್ಟು ಏರಿ ಎರಡನೆಯದರಲ್ಲಿ ಎರಡೇ ಪಟ್ಟಾದರೆ ಡಿಟೆಕ್ಟರ್ ಅಥವಾ ಡಿಜಿಟೈಸರ್ ತುಂಬಿ ಹೋಗಿದೆ. ಪಿಎಂಟಿ ವೋಲ್ಟೇಜ್ ಇಳಿಸಿ ಮತ್ತೆ ಮಾಡಿ.

ಒಳಗೆ ಹೋಗುವ ದಾರಿ

ಸಿಗ್ನಲ್ ಸರಾಸರಿ ಶಕ್ತಿಯ ವರ್ಗದೊಂದಿಗೆ ಏರುತ್ತದೆ, ಪಲ್ಸ್ ಅಗಲವಾದಷ್ಟೂ ಇಳಿಯುತ್ತದೆ. ಪವರ್ ಮೀಟರ್‌ಗೆ ಸರಾಸರಿ ಶಕ್ತಿ ಮಾತ್ರ ಗೊತ್ತು. ಆದ್ದರಿಂದ ಮೀಟರ್ "ಎಲ್ಲ ಸರಿ" ಎನ್ನುತ್ತಿರುವಾಗಲೇ ಚಿತ್ರ ಸತ್ತಿರಬಹುದು.

ಇದರ ತುತ್ತತುದಿ ಮೋಡ್‌ಲಾಕ್, ಅಂದರೆ ಲೇಸರ್ ಪಲ್ಸ್‌ಗಳಾಗಿ ಓಡುವ ಸ್ಥಿತಿ, ಕಳೆದುಕೊಳ್ಳುವುದು. ಪಲ್ಸ್‌ಗಳೇ ಇಲ್ಲದೆ ಲೇಸರ್ ಸತತ ಕಿರಣವಾಗಿ ಉರಿದರೆ, ಅದೇ ಸರಾಸರಿ ಶಕ್ತಿಗೆ ಸಿಗ್ನಲ್ ಸುಮಾರು ಒಂದು ಲಕ್ಷ ಪಟ್ಟು ಕುಸಿಯುತ್ತದೆ. 80 ಮೆಗಾಹರ್ಟ್ಸ್, 100 ಫೆಮ್ಟೊಸೆಕೆಂಡ್ ಲೆಕ್ಕಕ್ಕೆ 1,25,000 ಪಟ್ಟು. ಚಿತ್ರ ಪೂರ್ತಿ ಮಾಯವಾಗಿದ್ದರೆ ಮೊದಲು ನೋಡಬೇಕಾದದ್ದು ಇದೇ. ಇದಕ್ಕಿಂತ ಮೋಸದ ಸ್ಥಿತಿ ಅರೆಬರೆ ಮೋಡ್‌ಲಾಕ್: ಪಲ್ಸ್‌ಗಳ ಜೊತೆಗೆ ಸತತ ಕಿರಣವೂ ಸೇರಿಕೊಂಡಿರುತ್ತದೆ, ಲೇಸರ್‌ನ ಸೂಚಕ ಹಸಿರೇ ತೋರಿಸುತ್ತಿರುತ್ತದೆ. ಶಕ್ತಿಯ ಶೇ. 30 ಹೀಗೆ ಪೋಲಾದರೆ ಸಿಗ್ನಲ್ ಅರ್ಧವಾಗುತ್ತದೆ. ಒಂದು ಸಣ್ಣ ಸ್ಪೆಕ್ಟ್ರೋಮೀಟರ್ ಇದ್ದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಆರೋಗ್ಯವಂತ 100 ಫೆಮ್ಟೊಸೆಕೆಂಡ್ ಪಲ್ಸ್‌ನ ವರ್ಣಪಟಲ 920ರಲ್ಲಿ ಸುಮಾರು 9 ನ್ಯಾನೊಮೀಟರ್ ಅಗಲದ ನುಣುಪಾದ ಗುಡ್ಡ. 140 ಫೆಮ್ಟೊಸೆಕೆಂಡ್‌ನದು ಸುಮಾರು 6. ಆ ಗುಡ್ಡದ ಮೇಲೆ ಸೂಜಿಯಂಥ ಮೊನೆ ಎದ್ದಿದ್ದರೆ ಅದೇ ಸತತ ಕಿರಣ.

ಕಾರಣಗಳಲ್ಲಿ ಮುಖ್ಯವಾದದ್ದು ಮರುಪ್ರತಿಫಲನ. ಪಾಕೆಲ್ಸ್ ಸೆಲ್‌ನ ಮುಖ ಅಥವಾ ಹೊಸದಾಗಿ ಸೇರಿಸಿದ ಯಾವುದೋ ಮಸೂರ ಕಿರಣವನ್ನು ನೇರ ಹಿಂದಕ್ಕೆ ಲೇಸರ್ ಬಾಯಿಗೆ ಕಳಿಸುತ್ತಿರುತ್ತದೆ. ಲೇಸರ್ ಬಾಯಿಯ ಹತ್ತಿರ ಒಂದು ಐರಿಸ್ (ಕಿರಣ ಹಾಯುವ, ಹಿರಿದು ಕಿರಿದು ಮಾಡಬಲ್ಲ ಕಿಂಡಿ) ಚಿಕ್ಕದು ಮಾಡಿ, ಅದರ ಆಚೆ ಬದಿಯಲ್ಲಿ ಹಿಂತಿರುಗಿದ ಚುಕ್ಕೆ ಬೀಳುತ್ತಿದೆಯೇ ಎಂದು ಅವಗೆಂಪು ಬಿದ್ದಲ್ಲಿ ಹೊಳೆಯುವ ಕಾರ್ಡ್ ಇಟ್ಟು ನೋಡಿ. ಬಿದ್ದರೆ ಆ ಭಾಗವನ್ನು ತುಸುವೇ ಓರೆ ಮಾಡಿದರೆ ಸಾಕು.

ಇನ್ನೊಂದು ಕಾರಣ ಮಳೆಗಾಲ. ನೀರಿನ ಆವಿ 930ರಿಂದ 960 ನ್ಯಾನೊಮೀಟರ್ ಪಟ್ಟಿಯಲ್ಲಿ ಬೆಳಕು ಹೀರುತ್ತದೆ; ಲೇಸರ್ ಕುಹರದೊಳಗೆ ತೇವ ಸೇರಿದರೆ ಆ ತರಂಗದೂರಗಳಲ್ಲಿ ಮೋಡ್‌ಲಾಕ್ ನಿಲ್ಲುವುದೇ ಇಲ್ಲ. 800ರಲ್ಲಿ ಸೊಗಸಾಗಿ ಓಡುವ ಲೇಸರ್ 940ರಲ್ಲಿ ತಡವರಿಸಿದರೆ ಒಣಗಿಸುವ ಕಾರ್ಟ್ರಿಡ್ಜ್ ಬದಲಿಸಬೇಕಾಗಿದೆ, ಅಥವಾ ಒಣ ನೈಟ್ರೋಜನ್ ಹರಿವು ನಿಂತಿದೆ ಎಂದು ತಿಳಿಯಿರಿ. ಮಂಗಳೂರು, ಮಣಿಪಾಲದ ಕಡೆ ಇದರ ಜೊತೆಗೆ ಚಿಲ್ಲರ್‌ನ (ಲೇಸರನ್ನು ನೀರಿನಿಂದ ತಂಪಾಗಿಸುವ ಯಂತ್ರದ) ತೊಂದರೆಯೂ ಇದೆ. ಜೂನ್-ಜುಲೈಯಲ್ಲಿ ಅಲ್ಲಿನ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿಯ ಆಸುಪಾಸು, ಚಿಲ್ಲರ್ ನೀರು ಸಾಮಾನ್ಯವಾಗಿ 20 ಡಿಗ್ರಿ. ಎಸಿ ಇಲ್ಲದ ಕೋಣೆಯಲ್ಲಿ ಚಿಲ್ಲರ್ ಚಾಲೂ ಮಾಡಿದರೆ ಕೊಳವೆಯ ಮೇಲೆ, ಲೇಸರ್ ಹೆಡ್‌ನ ತಣ್ಣನೆಯ ಭಾಗಗಳ ಮೇಲೆ ನೀರು ಕೂರುತ್ತದೆ. ಎಸಿ ಮತ್ತು ತೇವ ತೆಗೆಯುವ ಯಂತ್ರ ಮೊದಲು, ಕೋಣೆ ಒಣಗಿದ ಮೇಲೆ ಚಿಲ್ಲರ್. ಬೆಂಗಳೂರಿನಲ್ಲಿ ತೇವದ ಕಾಟ ಇಷ್ಟಿಲ್ಲ. ಆದರೆ ಕರೆಂಟ್ ಉಳಿಸಲು ರಾತ್ರಿ ಎಸಿ ಆರಿಸುವ ಪದ್ಧತಿ ಇರುವ ಕಡೆ ಬೆಳಿಗ್ಗೆ ಕಿರಣ ಐರಿಸ್‌ನ ನಡುವೆ ಇರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಬೆಳಿಗ್ಗೆಯೇ ಕನ್ನಡಿ ತಿರುಗಿಸಿದವರು ಮಧ್ಯಾಹ್ನ ಮತ್ತೆ ತಿರುಗಿಸಬೇಕಾಗುತ್ತದೆ.

ಮೋಡ್‌ಲಾಕ್ ಸರಿ ಇದ್ದರೆ ಮುಂದಿನ ಶಂಕಿತ ಪಲ್ಸ್‌ನ ಅಗಲ. ಗಾಜು, ಪಾಕೆಲ್ಸ್ ಸೆಲ್‌ನ ಹರಳು, ದಪ್ಪ ಆಬ್ಜೆಕ್ಟಿವ್, ಪ್ರತಿಯೊಂದೂ ಪಲ್ಸನ್ನು ಎಳೆದು ಅಗಲಿಸುತ್ತದೆ. ಒಟ್ಟು ಚದುರಿಕೆ (ಪಲ್ಸ್‌ನೊಳಗಿನ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಅದು ಹಿಗ್ಗುವುದರ ಅಳತೆ) 10,000 ಚದರ ಫೆಮ್ಟೊಸೆಕೆಂಡ್ ಆದರೆ 100 ಫೆಮ್ಟೊಸೆಕೆಂಡ್ ಪಲ್ಸ್ ಮಾದರಿಯನ್ನು ತಲುಪುವಾಗ 295 ಆಗಿರುತ್ತದೆ, ಸಿಗ್ನಲ್ ಮೂರನೇ ಒಂದು ಭಾಗ. 140ರ ಪಲ್ಸ್ ಅದೇ ದಾರಿಯಲ್ಲಿ 242ಕ್ಕೆ ನಿಲ್ಲುತ್ತದೆ. ಅಂದರೆ ಸರಿದೂಗಿಸುವ ವ್ಯವಸ್ಥೆ ಕೆಟ್ಟಿರುವಾಗ ಚಿಕ್ಕ ಪಲ್ಸ್‌ನ ದುಬಾರಿ ಲೇಸರೇ ಹೆಚ್ಚು ಸೋಲುತ್ತದೆ.

ಈಗಿನ ಬಹಳಷ್ಟು ಲೇಸರ್‌ಗಳಲ್ಲಿ ಇದನ್ನು ಮುಂಚಿತವಾಗಿ ಸರಿದೂಗಿಸುವ ಪ್ರಿಸಂ ಜೋಡಿ ಒಳಗೇ ಇದೆ. ಅದರ ಸ್ಥಾನ ಪ್ರತಿ ತರಂಗದೂರಕ್ಕೂ ಬೇರೆ. ಸಂಜೆ ಯಾರೋ ಟಿಡಿಟೊಮಾಟೊ ಎಂಬ ಕೆಂಪು ಪ್ರೋಟೀನ್‌ಗೆಂದು 1040ಕ್ಕೆ ಹೋಗಿ, 920ಕ್ಕೆ ಮರಳಿದಾಗ ಪ್ರಿಸಂ ಮರಳದೆ ಉಳಿಯುವುದು ಮಾಮೂಲಿ. ಪರೀಕ್ಷೆ ಸುಲಭ: ಫ್ಲೋರೆಸೀನ್ ನೋಡುತ್ತಾ ಸರಿದೂಗಿಕೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಹೆಜ್ಜೆಯಾಗಿ ಸರಿಸಿ, ಪ್ರತಿ ಹೆಜ್ಜೆಗೂ ಸರಾಸರಿ ಹೊಳಪು ಬರೆಯಿರಿ. ನಡುವೆ ಎಲ್ಲೋ ಒಂದು ಶಿಖರ ಕಾಣಬೇಕು. ಪ್ರಿಸಂ ಸರಿದಾಗ ಶಕ್ತಿಯೂ ತುಸು ಬದಲಾಗುತ್ತದೆ, ಆದ್ದರಿಂದ ಪ್ರತಿ ಹೊಳಪನ್ನೂ ಆಗ ಅಳೆದ ಶಕ್ತಿಯ ವರ್ಗದಿಂದ ಭಾಗಿಸಿ. ಶಿಖರ ಸಿಗದೆ ತುದಿಯಲ್ಲೂ ಏರುತ್ತಲೇ ಇದ್ದರೆ ನಿಮ್ಮ ದಾರಿಯ ಗಾಜು ಲೇಸರ್ ಸರಿದೂಗಿಸಬಲ್ಲದ್ದಕ್ಕಿಂತ ಹೆಚ್ಚಾಗಿದೆ.

ಪಾಕೆಲ್ಸ್ ಸೆಲ್ ಕೆಟ್ಟರೆ ಗುರುತಿಸುವುದು ಸುಲಭ. ಶೂನ್ಯಕ್ಕೆ ಇಳಿಸಿದಾಗ ಮೀಟರ್ ಗರಿಷ್ಠದ ಶೇ. 1ಕ್ಕಿಂತ ಹೆಚ್ಚು ತೋರಿಸಿದರೆ ಬಯಾಸ್ (ಸೆಲ್‌ಗೆ ಕೊಡುವ ಮೂಲ ವೋಲ್ಟೇಜ್) ಜಾರಿದೆ. ಅದರ ಜೊತೆಗೆ ಗರಿಷ್ಠ ಶಕ್ತಿಯೂ ಇಳಿದಿರುತ್ತದೆ. ಹರಳು ಬಿಸಿಯಾಗಿ ನೆಲೆಗೊಳ್ಳಲು ಅರ್ಧ ಗಂಟೆ ಬಿಟ್ಟು ಬಯಾಸ್ ಸರಿಪಡಿಸಿ. ಬೇಕಾಗುವ ವೋಲ್ಟೇಜ್ ತರಂಗದೂರದೊಂದಿಗೆ ಏರುವುದರಿಂದ ತರಂಗದೂರ ಬದಲಿಸಿದಾಗೆಲ್ಲ ಮಾಪನಾಂಕನ ಮತ್ತೆ ಮಾಡಬೇಕು.

ಕೊನೆಗೆ ಆಬ್ಜೆಕ್ಟಿವ್‌ನ ಹಿಂಬಾಯಿ, ಅಂದರೆ ಲೇಸರ್ ಒಳಹೋಗುವ ಹಿಂದಿನ ತೆರಪು. ನಿಕಾನ್‌ನ 16 ಪಟ್ಟು, 0.8 ಎನ್‌ಎ ಮಸೂರದ ಹಿಂಬಾಯಿ 20 ಮಿಲಿಮೀಟರ್. ಒಲಿಂಪಸ್‌ನ 25 ಪಟ್ಟು, 1.05 ಎನ್‌ಎಯದು ಸುಮಾರು 15. ಮಸೂರ ಬದಲಿಸಿದ ಮೇಲೆ ಚಿತ್ರ ಬದಲಾಗಿದ್ದರೆ ಕಾರಣ ಇಲ್ಲಿರಬಹುದು. ಹಿಂಬಾಯಿ ಪೂರ್ತಿ ತುಂಬದಿದ್ದರೆ ಫೋಕಸ್ ಉದ್ದವಾಗುತ್ತದೆ. ವಿಪರೀತ ತುಂಬಿ ಚೆಲ್ಲಿದರೆ ಶಕ್ತಿ ಹೋಗುತ್ತದೆ. ಆಳದ ಕೆಲಸಕ್ಕೆ ತುಸು ಕಡಿಮೆ ತುಂಬಿಸುವುದೇ ಲೇಸು, ಏಕೆಂದರೆ ಅಂಚಿನ ಕಿರಣಗಳು ಅಂಗಾಂಶದಲ್ಲಿ ಹೆಚ್ಚು ದೂರ ಓರೆಯಾಗಿ ಸಾಗಿ ಚದುರಿಹೋಗುತ್ತವೆ. ಅಳೆಯಲು 0.2 ಮೈಕ್ರಾನ್‌ನ ಹೊಳೆಯುವ ಮಣಿಗಳನ್ನು ಶೇ. 1ರ ಅಗರೋಸ್‌ನಲ್ಲಿ ಹುದುಗಿಸಿ, ಆಳದ ದಿಕ್ಕಿನಲ್ಲಿ 0.25 ಮೈಕ್ರಾನ್ ಹೆಜ್ಜೆಯ ಸ್ಟ್ಯಾಕ್ (ಚಿತ್ರಗಳ ಸಾಲು) ತೆಗೆಯಿರಿ. 920ರಲ್ಲಿ ಪೂರ್ತಿ ತುಂಬಿದ 1.0 ಎನ್‌ಎಗೆ ಲೆಕ್ಕದ ಪ್ರಕಾರ ಮಣಿಯ ಹೊಳಪಿನ ಅರ್ಧ-ಎತ್ತರದ ಅಗಲ ಅಡ್ಡಕ್ಕೆ 0.35, ಆಳಕ್ಕೆ 1.3 ಮೈಕ್ರಾನ್, 0.8 ಎನ್‌ಎಗೆ 0.43 ಮತ್ತು 2.15. ಇದರ ಒಂದೂವರೆ ಪಟ್ಟಿನೊಳಗೆ ಬಂದರೆ ತಲೆಕೆಡಿಸಿಕೊಳ್ಳಬೇಡಿ. ಫೋಕಸ್ ಇಳಿಸಿದಂತೆ ಮಣಿ ಒಂದೇ ಪಕ್ಕಕ್ಕೆ ಜಾರುತ್ತಿದ್ದರೆ ಕಿರಣ ಹಿಂಬಾಯಿಯ ನಡುವೆ ಬೀಳುತ್ತಿಲ್ಲ. ಕನ್ನಡಿ ತಿರುಪು ಮುಟ್ಟಲು ಸರಿಯಾದ ಕಾರಣ ಸಿಕ್ಕಿದ್ದು ಈಗ.

ಹೊರಬರುವ ದಾರಿ

ಫೋಟಾನ್‌ಗಳೇ ಕಡಿಮೆಯಾಗಿವೆಯೋ, ಬಂದ ಫೋಟಾನ್‌ಗಳನ್ನು ಡಿಟೆಕ್ಟರ್ ಸಣ್ಣದಾಗಿ ತೋರಿಸುತ್ತಿದೆಯೋ? ಹೊಳಪು ನೋಡಿ ಇದನ್ನು ಹೇಳಲಾಗದು, ಗದ್ದಲ (ಸಿಗ್ನಲ್‌ನ ಏರಿಳಿತ) ನೋಡಿ ಹೇಳಬಹುದು. ಫ್ಲೋರೆಸೀನ್‌ನ ಇನ್ನೂರು ಫ್ರೇಮ್‌ಗಳನ್ನು ಒಂದೇ ಜಾಗದಲ್ಲಿ ತೆಗೆಯಿರಿ. ಒಂದು ಪಿಕ್ಸೆಲ್ ಗುಂಪಿನ ಸರಾಸರಿ ಮತ್ತು ಕಾಲದೊಂದಿಗಿನ ವ್ಯತ್ಯಯ ಲೆಕ್ಕ ಹಾಕಿ. ಮೂರ್ನಾಲ್ಕು ಕಡಿಮೆ ಶಕ್ತಿಗಳಲ್ಲಿ ಇದನ್ನೇ ಮಾಡಿ ಸರಾಸರಿಯ ಎದುರು ವ್ಯತ್ಯಯವನ್ನು ಗುರುತಿಸಿದರೆ ನೇರ ಗೆರೆ ಬರುತ್ತದೆ. ಅದರ ಇಳಿಜಾರು ಸುಮಾರಾಗಿ ಒಂದು ಫೋಟಾನ್‌ಗೆ ಎಷ್ಟು ಅಂಕಿ ಎಂಬುದು. ಇಳಿಜಾರು ಹಳೆಯದೇ ಇದ್ದು ಸರಾಸರಿ ಮಾತ್ರ ಇಳಿದಿದ್ದರೆ ಪಿಎಂಟಿಯನ್ನು ದೂರಬೇಡಿ, ಬೆಳಕೇ ಬರುತ್ತಿಲ್ಲ. ಇಳಿಜಾರೇ ಕುಸಿದಿದ್ದರೆ ವೋಲ್ಟೇಜ್, ಪ್ರಿಆಂಪ್ಲಿಫೈಯರ್‌ನ ಗೇನ್, ಅಥವಾ ಸವೆದ ಪಿಎಂಟಿ. ಹೊಸ ಪಿಎಂಟಿಗೆ ಆರ್ಡರ್ ಹಾಕುವ ಮುಂಚೆ ಈ ಅರ್ಧ ಗಂಟೆಯ ಕೆಲಸ ಮಾಡಿ.

ಬೆಳಕು ಬರದಿರುವುದಕ್ಕೆ ಸಾಮಾನ್ಯ ಕಾರಣಗಳು ಸಪ್ಪೆಯಾದವು: ಡೈಕ್ರೋಯಿಕ್ ಜಾರುಗಂಬಿ ಪೂರ್ತಿ ಒಳಗೆ ಕೂತಿಲ್ಲ, ಹಸಿರಿನ ಜಾಗದಲ್ಲಿ ಕೆಂಪಿನ ಫಿಲ್ಟರ್ ಇದೆ, ಸಂಗ್ರಹ ಮಸೂರದ ಮೇಲೆ ಒಣಗಿದ ಉಪ್ಪುನೀರಿನ ಕಲೆ ಇದೆ.

ಆಫ್‌ಸೆಟ್ (ಕತ್ತಲೆಗೆ ನಿಗದಿ ಮಾಡಿದ ಅಂಕಿ) ತಪ್ಪಾಗಿರುವುದು ಆಳದ ಚಿತ್ರವನ್ನು ಮಾತ್ರ ಕೊಲ್ಲುವ ದೋಷ. ಮೇಲ್ಪದರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಷಟರ್ ಮುಚ್ಚಿ ಹಿಸ್ಟೋಗ್ರಾಂ ನೋಡಿ. ಕತ್ತಲೆಯ ಗದ್ದಲದ ಗಂಟೆಯಾಕಾರ ಪೂರ್ತಿ ಕಾಣಬೇಕು. ಎಡ ಅರ್ಧ ಸೊನ್ನೆಯಲ್ಲಿ ಕತ್ತರಿಸಿದಂತಿದ್ದರೆ ಒಂಟಿ ಫೋಟಾನ್‌ಗಳ ಸಣ್ಣ ಸಿಗ್ನಲ್ ಕಸದ ಬುಟ್ಟಿಗೆ ಹೋಗುತ್ತಿದೆ. ಹಿನ್ನೆಲೆ "ಚೆನ್ನಾಗಿ ಕಪ್ಪಾಗಿರಲಿ" ಎಂದು ಯಾರೋ ಆಫ್‌ಸೆಟ್ ಇಳಿಸಿದ್ದರ ಫಲ ಇದು.

ಚಿತ್ರದಲ್ಲಿ ಪಟ್ಟೆಗಳಿದ್ದರೆ ಗೆರೆಗಳನ್ನು ಎಣಿಸಿ. 8 ಕಿಲೊಹರ್ಟ್ಸ್ ಸ್ಕ್ಯಾನರ್ ಎರಡೂ ದಿಕ್ಕಿನಲ್ಲಿ ಓದಿದರೆ ಸೆಕೆಂಡಿಗೆ 16,000 ಗೆರೆ. ಪಟ್ಟೆಗಳ ನಡುವಿನ ದೂರ 160 ಗೆರೆಯಾದರೆ ಅದು 100 ಹರ್ಟ್ಸ್, ಅಂದರೆ ಕರೆಂಟ್‌ನೊಂದಿಗೆ ಮಿಡಿಯುವ ಯಾವುದೋ ದೀಪ. 320 ಗೆರೆಯಾದರೆ 50 ಹರ್ಟ್ಸ್, ಹೆಚ್ಚಾಗಿ ಅರ್ತಿಂಗ್ ತೊಂದರೆ. ಖಚಿತಪಡಿಸಿಕೊಳ್ಳಲು ಲೇಸರ್ ಷಟರ್ ಮುಚ್ಚಿ. ಪಟ್ಟೆ ಉಳಿದರೆ ಪಿಎಂಟಿ ವೋಲ್ಟೇಜ್ ಸೊನ್ನೆ ಮಾಡಿ. ಆಗಲೂ ಉಳಿದರೆ ಕೇಬಲ್, ಪ್ರಿಆಂಪ್, ಅರ್ತ್, ಹೋದರೆ ಬೆಳಕು. ಬೆಳಕಿನ ಮೂಲಗಳು ವಿಚಿತ್ರ ಜಾಗಗಳಲ್ಲಿರುತ್ತವೆ: ಡ್ರೈವರ್ ಪೆಟ್ಟಿಗೆಯ ಪುಟ್ಟ ಎಲ್‌ಇಡಿ, ಎಸಿಯ ಅಂಕಿ ಫಲಕ, ಇಲಿಗೆ ಚಿತ್ರ ತೋರಿಸುವ ಪರದೆ. ಪರದೆಯ ಬೆಳಕು ಕಿಟಕಿಯ ಸುತ್ತಲಿನ ಬಿಳಿ ಡೆಂಟಲ್ ಸಿಮೆಂಟ್ ಮೂಲಕವೂ ನುಸುಳುತ್ತದೆ; ಸಿಮೆಂಟ್‌ಗೆ ಇಂಗಾಲದ ಪುಡಿ ಬೆರೆಸಿ ಕಪ್ಪಾಗಿಸುವುದು, ಆಬ್ಜೆಕ್ಟಿವ್ ಸುತ್ತ ಕಪ್ಪು ರಬ್ಬರ್ ಶಂಕು ಕಟ್ಟುವುದು ಎರಡೂ ಬೇಕು.

ಬಾಗಿಲು ತೆರೆದಾಗ ಬೆಳಕು ಬಡಿದ ಪಿಎಂಟಿ ತಾನೇ ಆಫ್ ಆಗಿ ನಿಂತಿದ್ದರೆ ರೀಸೆಟ್ ಮಾಡಿ ಕತ್ತಲೆಯಲ್ಲಿ ಕೆಲವು ಗಂಟೆ ಬಿಡಿ. ಆಮೇಲೂ ಷಟರ್ ಮುಚ್ಚಿದಾಗಿನ ಚುಕ್ಕೆಗಳ ಎಣಿಕೆ ಹಳೆಯದಕ್ಕಿಂತ ಬಹಳ ಹೆಚ್ಚಿದ್ದರೆ ಕ್ಯಾಥೋಡ್‌ಗೆ (ಪಿಎಂಟಿಯ ಬೆಳಕು ಹಿಡಿಯುವ ಪದರಕ್ಕೆ) ಪೆಟ್ಟಾಗಿದೆ.

ಅಂಗಾಂಶ

ಫ್ಲೋರೆಸೀನ್ ಚೆನ್ನಾಗಿದ್ದು ಇಲಿ ಮಂಕಾಗಿದ್ದರೆ ಮೊದಲು ನೀರು ನೋಡಿ. ಸಿಮೆಂಟ್‌ನ ಸಣ್ಣ ಬಿರುಕಿನಿಂದ ನೀರು ಸೋರಿದಾಗ ಚಿತ್ರ ಒಂದು ಪಕ್ಕದಿಂದ ಮಂಕಾಗುತ್ತಾ ಬಂದು ಕೆಲವು ನಿಮಿಷದಲ್ಲಿ ಪೂರ್ತಿ ಹೋಗುತ್ತದೆ. ಕಿಟಕಿಯ ಮೇಲೆ ಲವಣದ್ರಾವಣ ಬೇಡ, ಬಟ್ಟಿ ಇಳಿಸಿದ ನೀರು ಹಾಕಿ. ಗಾಜು ಇರುವಾಗ ಮೆದುಳಿಗೆ ತಾಗುವುದಿಲ್ಲ, ಆರಿದರೂ ಮಸೂರದ ಮೇಲೆ ಉಪ್ಪು ಉಳಿಯುವುದಿಲ್ಲ. ದೀರ್ಘ ಕೆಲಸಕ್ಕೆ ಅಲ್ಟ್ರಾಸೌಂಡ್ ಜೆಲ್ ಒಳ್ಳೆಯದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಗುಳ್ಳೆ ತೆಗೆದ ಮೇಲೆ.

ನಂತರ ಓರೆ. ಕಿಟಕಿ ಆಬ್ಜೆಕ್ಟಿವ್‌ಗೆ ಲಂಬವಾಗಿಲ್ಲದಿದ್ದರೆ ಮೇಲ್ಪದರ ಚೆನ್ನಾಗಿಯೇ ಕಂಡು ಆಳ ಹಾಳಾಗುತ್ತದೆ. 1 ಮಿಲಿಮೀಟರ್ ಅಂತರದ ಎರಡು ಜಾಗಗಳಲ್ಲಿ ಗಾಜಿನ ಕೆಳಮೈ ಯಾವ ಎತ್ತರದಲ್ಲಿ ಫೋಕಸ್ ಆಗುತ್ತದೆ ಎಂದು ಬರೆದುಕೊಳ್ಳಿ. ವ್ಯತ್ಯಾಸ 17 ಮೈಕ್ರಾನ್ ಆದರೆ ಓರೆ 1 ಡಿಗ್ರಿ. ಉದ್ದಕ್ಕೂ ಅಡ್ಡಕ್ಕೂ ಅಳೆದು ಗೋನಿಯೋಮೀಟರ್ ಎಂಬ ಓರೆ ಹೊಂದಿಸುವ ಪೀಠದಿಂದ 1 ಡಿಗ್ರಿಯೊಳಗೆ ತನ್ನಿ.

ಕಿಟಕಿಯ ಅಂಚು ಮರೆತುಹೋಗುವ ವಿಚಾರ. 1.0 ಎನ್‌ಎ ಮಸೂರದಲ್ಲಿ 500 ಮೈಕ್ರಾನ್ ಆಳಕ್ಕೆ ಹೋದಾಗ ಬೆಳಕಿನ ಶಂಕು ಮೆದುಳಿನ ಮೇಲ್ಮೈಯಲ್ಲಿ 570 ಮೈಕ್ರಾನ್ ತ್ರಿಜ್ಯದಷ್ಟು ಹರಡಿರುತ್ತದೆ, 0.8ರಲ್ಲಿ 375. ಅಂಚಿನಿಂದ ಅದಕ್ಕಿಂತ ಹತ್ತಿರ ನೋಡಿದರೆ ಮೂಳೆ ಶಂಕುವನ್ನು ಕತ್ತರಿಸುತ್ತದೆ. 3 ಮಿಲಿಮೀಟರ್ ಕಿಟಕಿಯಲ್ಲಿ ಆಳಕ್ಕೆ ಯೋಗ್ಯವಾದ ಜಾಗ ನಡುವಿನ 2 ಮಿಲಿಮೀಟರ್ ಕೂಡ ಇಲ್ಲ. ದೊಡ್ಡ ರಕ್ತನಾಳದ ಕೆಳಗೂ ಇದೇ ನೆರಳು. ಅಲ್ಲಿ ಆಳ ಹುಡುಕಬೇಡಿ, ಪಕ್ಕಕ್ಕೆ ಸರಿಯಿರಿ.

ತಿದ್ದುಪಡಿ ಬಳೆ (ಗಾಜು, ಅಂಗಾಂಶ ತರುವ ಫೋಕಸ್ ದೋಷ ಸರಿಪಡಿಸುವ ಉಂಗುರ) ಇರುವ ಆಬ್ಜೆಕ್ಟಿವ್ ಆದರೆ ಅದನ್ನು ನೀವು ಕೆಲಸ ಮಾಡುವ ಆಳದಲ್ಲೇ ಹೊಂದಿಸಿ, ಮೇಲ್ಮೈಯಲ್ಲಲ್ಲ. ಚಿಕ್ಕ ಹೊಳೆವ ವಸ್ತುವೊಂದನ್ನು ಹಿಡಿದು, ಬಳೆಯನ್ನು ಸ್ವಲ್ಪ ತಿರುಗಿಸಿದಾಗೆಲ್ಲ ಫೋಕಸ್ ಮರಳಿ ಹುಡುಕಿ, ಗರಿಷ್ಠ ಹೊಳಪಿನಲ್ಲಿ ನಿಲ್ಲಿಸಿ. ಬಳೆ ತಿರುಗಿದರೆ ಫೋಕಸ್ ಕೂಡ ಸರಿಯುತ್ತದೆ. ಅದನ್ನು ಮರೆತು ಬಳೆಯನ್ನಷ್ಟೇ ತಿರುಗಿಸಿದವರು ಯಾವಾಗಲೂ ತಪ್ಪು ಜಾಗದಲ್ಲಿ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಸರಿಯಿದ್ದರೆ ಆಳದ ಗೆರೆ ಎಳೆಯಿರಿ. ಮೇಲ್ಮೈಯಿಂದ 25 ಮೈಕ್ರಾನ್‌ಗೊಂದು ಚಿತ್ರ, ಪ್ರತಿಯೊಂದರಲ್ಲೂ ಅತಿ ಹೊಳೆವ ಶೇ. 1 ಪಿಕ್ಸೆಲ್‌ಗಳ ಸರಾಸರಿ, ಅದರಿಂದ ಕತ್ತಲೆ ಕಳೆದು ಶಕ್ತಿಯ ವರ್ಗದಿಂದ ಭಾಗಿಸಿ, ಸ್ವಾಭಾವಿಕ ಲಾಗ್ ತೆಗೆದು ಆಳದ ಎದುರು ಗುರುತಿಸಿ. ಇಳಿಯುವ ನೇರ ಗೆರೆ ಬರುತ್ತದೆ. 2ನ್ನು ಅದರ ಇಳಿಜಾರಿನಿಂದ ಭಾಗಿಸಿದರೆ ಸಿಗುವುದು ಕ್ಷೀಣತೆಯ ಉದ್ದ, ಅಂದರೆ ಲೇಸರ್ ಶಕ್ತಿ 2.7 ಪಟ್ಟು ಇಳಿಯುವ ಆಳ. ಇಲಿಯ ತೊಗಟೆಯಲ್ಲಿ 920ಕ್ಕೆ ಇದು ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. 100ಕ್ಕಿಂತ ಕಡಿಮೆ ಬಂದರೆ ಕಿಟಕಿ ಕೆಟ್ಟಿದೆ: ಕೆಳಗೆ ರಕ್ತ ಕಟ್ಟಿದೆ, ಡ್ಯೂರಾ (ಮೆದುಳಿನ ಹೊರಪೊರೆ) ದಪ್ಪಗಾಗಿದೆ, ಅಥವಾ ಮೂಳೆ ಮತ್ತೆ ಬೆಳೆಯುತ್ತಿದೆ. ದಪ್ಪ ಡ್ಯೂರಾವನ್ನು ಗುರುತಿಸಲು 920ರ ಅರ್ಧ, 460 ನ್ಯಾನೊಮೀಟರ್‌ನ ನೀಲಿ ಫಿಲ್ಟರ್ ಹಾಕಿ ನೋಡಿ. ಅದರ ಕೊಲಾಜನ್ (ನಾರಿನಂಥ ಪ್ರೋಟೀನ್) ಎಳೆಗಳು ಬಲೆಯಂತೆ ಹೊಳೆಯುತ್ತವೆ. ಶಸ್ತ್ರಚಿಕಿತ್ಸೆಯ ರಕ್ತ ಎರಡು ಮೂರು ವಾರದಲ್ಲಿ ತಿಳಿಯಾಗಬಹುದು. ಮೂಳೆ ಬೆಳೆದರೆ ಆ ಪ್ರಾಣಿಯಿಂದ ಆಳದ ಚಿತ್ರ ಸಿಗದು. ಲೇಸರ್ ಮೇಲೆ ಹಠ ಸಾಧಿಸಬೇಡಿ.

ಗೆರೆ ಮೊದಲು ಸರಿಯಾಗಿ ಇಳಿದು ಒಂದು ಆಳದಲ್ಲಿ ಚಪ್ಪಟೆಯಾದರೆ ಅದು ದೋಷವಲ್ಲ, ಮಿತಿ. ಅಲ್ಲಿ ನೀವು ಕಾಣುತ್ತಿರುವುದು ಫೋಕಸ್‌ನ ಬೆಳಕಲ್ಲ, ಮೇಲ್ಪದರದಲ್ಲಿ ಎದ್ದ ಹಿನ್ನೆಲೆ. ಶಕ್ತಿ ಏರಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಎಲ್ಲ ಕೋಶಗಳೂ ಹೊಳೆಯುವ ಟ್ರಾನ್ಸ್‌ಜೆನಿಕ್ ಇಲಿಯಲ್ಲಿ ಈ ಮಿತಿ ಬೇಗ ಬರುತ್ತದೆ, ವಿರಳವಾಗಿ ಗುರುತಿಸಿದ ಪ್ರಾಣಿಯಲ್ಲಿ ತಡವಾಗಿ.

ಶಕ್ತಿಯ ಲೆಕ್ಕವನ್ನೂ ಇಲ್ಲೇ ಮಾಡಿಕೊಳ್ಳಿ. ಕ್ಷೀಣತೆಯ ಉದ್ದ 150 ಆದರೆ ಪ್ರತಿ 150 ಮೈಕ್ರಾನ್‌ಗೆ ಶಕ್ತಿ 2.7 ಪಟ್ಟು ಬೇಕು. ಮೇಲ್ಮೈಯಲ್ಲಿ 10 ಮಿಲಿವಾಟ್ ಸಾಕಾದರೆ 300ರಲ್ಲಿ 74, 450ರಲ್ಲಿ 200. ಸತತ ಸ್ಕ್ಯಾನ್‌ನಲ್ಲಿ 250 ಮಿಲಿವಾಟ್ ಮೀರಿದರೆ ಇಲಿಯ ಮೆದುಳಿಗೆ ಉಳಿಯುವ ಹಾನಿಯಾಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಆದ್ದರಿಂದ ಶಕ್ತಿ ಏರಿಸಿ ಗೆಲ್ಲಬಹುದಾದ ಆಳ ಹೆಚ್ಚಿಲ್ಲ.

ಮೂರು-ಫೋಟಾನ್‌ಗೆ ಹೋದವರಿಗೆ

ಆ ಮಿತಿಯನ್ನು ದಾಟಲು 1300 ಅಥವಾ 1700 ನ್ಯಾನೊಮೀಟರ್‌ನ ಮೂರು-ಫೋಟಾನ್ ವಿಧಾನ ಇದೆ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರಿಸ್ ಶೂ ಅವರ ಗುಂಪು 1700ರಲ್ಲಿ ಇಲಿಯ ತೊಗಟೆ ದಾಟಿ ಹಿಪ್ಪೊಕ್ಯಾಂಪಸ್ ತೋರಿಸಿತು. ಮೇಲಿನ ಕ್ರಮವೇ ಇಲ್ಲೂ ನಡೆಯುತ್ತದೆ, ಆದರೆ ಅಂಕಿಗಳು ಬೇರೆ. ಶಕ್ತಿ ಎರಡು ಪಟ್ಟಾದರೆ ಸಿಗ್ನಲ್ ಎಂಟು ಪಟ್ಟಾಗಬೇಕು. ನಾಲ್ಕು ಪಟ್ಟಷ್ಟೇ ಆದರೆ ಎರಡು-ಫೋಟಾನ್ ಹಿನ್ನೆಲೆ ಬೆರೆತಿದೆ. ಪಲ್ಸ್ ಎರಡು ಪಟ್ಟು ಅಗಲವಾದರೆ ಸಿಗ್ನಲ್ ಕಾಲು ಭಾಗಕ್ಕಿಳಿಯುತ್ತದೆ, ಹಾಗಾಗಿ ಸರಿದೂಗಿಕೆಯ ಪರೀಕ್ಷೆಯನ್ನು ಪ್ರತಿ ದಿನ ಮಾಡಿ. ಆಳದ ಗೆರೆಯಲ್ಲಿ ಭಾಗಿಸಬೇಕಾದದ್ದು ಶಕ್ತಿಯ ಘನದಿಂದ, ಇಳಿಜಾರಿನಿಂದ ಭಾಗಿಸುವ ಅಂಕಿ 3. 1700ರಲ್ಲಿ ಮಾಮೂಲಿ ನೀರೇ ಬೆಳಕನ್ನು ನುಂಗುತ್ತದೆ. ಆಬ್ಜೆಕ್ಟಿವ್ ಕೆಳಗೆ ಭಾರಜಲ ಹಾಕಿ. ಅದು ಗಾಳಿಯ ತೇವ ಹೀರಿ ನಿಧಾನವಾಗಿ ಮಾಮೂಲಿ ನೀರಿನೊಂದಿಗೆ ಬೆರೆಯುವುದರಿಂದ ದೀರ್ಘ ಪ್ರಯೋಗದ ನಡುವೆ ಬದಲಿಸಬೇಕು.

ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮುಂಚೆ

ಇವನ್ನು ಕೈಯಲ್ಲಿಟ್ಟುಕೊಳ್ಳಿ: ಲೇಸರ್ ಬಾಯಿಯಲ್ಲಿ, ಪಾಕೆಲ್ಸ್ ಸೆಲ್ ದಾಟಿದ ಮೇಲೆ, ಆಬ್ಜೆಕ್ಟಿವ್ ಕೆಳಗೆ ಅಳೆದ ಶಕ್ತಿ, 800 ಮತ್ತು 920ರ ವರ್ಣಪಟಲದ ಚಿತ್ರ, 5, 10, 20 ಮಿಲಿವಾಟ್‌ನ ಮೂರು ಅಂಕಿ, ಸರಿದೂಗಿಕೆಯ ಶಿಖರ ಎಲ್ಲಿ ಬಂತು, ವ್ಯತ್ಯಯದ ಇಳಿಜಾರು, ಕೋಣೆಯ ಉಷ್ಣತೆ ಮತ್ತು ತೇವಾಂಶ. "ಚಿತ್ರ ಮಂಕಾಗಿದೆ" ಎಂದಷ್ಟೇ ಹೇಳಿದರೆ ಅವರು ಬಂದು ಇದನ್ನೇ ಅಳೆಯುತ್ತಾರೆ, ನಿಮ್ಮ ಖರ್ಚಿನಲ್ಲಿ. ಅವರು ಬರುವ ತನಕ ಲೇಸರ್ ಹೆಡ್‌ನ ಮುಚ್ಚಳ ತೆರೆಯಬೇಡಿ. ಒಳಗೆ ಸೇರಿದ ಧೂಳು ಮತ್ತು ತೇವ ಮೂಲ ದೋಷಕ್ಕಿಂತ ದುಬಾರಿಯಾಗುತ್ತದೆ.